ಬಾಯಿಜೋರಿನ ಲೆಕ್ಕದವಳು

ಹೊಸಪೇಟೆಯಲ್ಲಿ ಲೆಕ್ಕ ಬರೆಯುವವರಿಗೆ ‘ಪಾರ್ಟಿ’ ಎಂದರೆ ಒಂದೇ ಅರ್ಥ. ನಮ್ಮ ಜೊತೆ ವ್ಯಾಪಾರ ಇಟ್ಟುಕೊಂಡವರು. ಕಂಪ್ಲಿಯಿಂದ ಅಕ್ಕಿ ಎತ್ತುವವನು ಒಂದು ಪಾರ್ಟಿ, ಸಂಡೂರಿನ ಟೈರ್ ಅಂಗಡಿಯವನು ಇನ್ನೊಂದು ಪಾರ್ಟಿ. ಹಾಗಾಗಿ ನಮ್ಮ ಆಫೀಸಿನಲ್ಲಿ ಎಲ್ಲರ ಕೈಗೂ ಸ್ವಭಾವ ಅಳೆಯುವ ಕಾಗದವೊಂದನ್ನು ಕೊಟ್ಟು, ಅದರಲ್ಲಿ ‘ಪಾರ್ಟಿಗಳೆಂದರೆ ನನಗೆ ಉತ್ಸಾಹ’ ಎಂಬ ಸಾಲಿನ ಮುಂದೆ ಟಿಕ್ ಹಾಕಿ ಎಂದಾಗ ನಾನು ಹಿಂದೆ ಮುಂದೆ ನೋಡದೆ ‘ಪೂರ್ತಿ ಒಪ್ಪುತ್ತೇನೆ’ ಎಂದು ಹಾಕಿದೆ. ಯಾಕೆ ಒಪ್ಪಬಾರದು? ಪಾರ್ಟಿ ಬಂದು ಎದುರಿಗೆ ಕೂತು, ನಿಮ್ಮ ಲೆಕ್ಕವೇ ತಪ್ಪು ಎಂದರೆ ನನ್ನ ಮೈಯಲ್ಲಿ ಚುರುಕು ಹತ್ತುತ್ತದೆ. ನಮ್ಮ ವಿಭಾಗದ ಹುಡುಗ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಕೂರುವವನು, ‘ಒಪ್ಪುವುದೇ ಇಲ್ಲ’ ಎಂದು ಹಾಕಿದ. ಅವನಿಗೆ ಪಾರ್ಟಿ ಎಂದರೆ ಭಯ. ಕೌಂಟರಿಗೆ ಯಾವುದಾದರೂ ಪಾರ್ಟಿ ಬಂದರೆ ಅವನು ಕಂಪ್ಯೂಟರಿನ ಹಿಂದೆ ಇನ್ನಷ್ಟು ಸಣ್ಣಗಾಗುತ್ತಿದ್ದ.

ಅದು ಕೇಕು ಕತ್ತರಿಸಿ ಕುಣಿಯುವ ಪಾರ್ಟಿಯ ಪ್ರಶ್ನೆ ಎಂದು ಮನೆಯಲ್ಲಿ ಮಗಳು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಹೊತ್ತಿಗೆ ಕಾಗದ, ನಮ್ಮ ಸ್ವಭಾವ ಅಳೆಯುವುದಕ್ಕೆಂದೇ ಆಫೀಸಿನವರು ಕರೆಸಿದ್ದ ಹೈದರಾಬಾದಿನ ತಜ್ಞರ ಕೈಗೆ ಸೇರಿಯಾಗಿತ್ತು.

ನಮ್ಮ ಸಾಹುಕಾರರದು ಮೂರು ವ್ಯವಹಾರ. ಸಂಡೂರಿನಿಂದ ಅದಿರು ಸಾಗಿಸುವ ಲಾರಿಗಳು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹಂಪಿ ಹತ್ತಿರ ಒಂದು ಲಾಡ್ಜು. ಮೂರರ ಲೆಕ್ಕವೂ ಹೊಸಪೇಟೆಯ ಆಫೀಸಿಗೆ ಬರುತ್ತದೆ, ಆಫೀಸಿಗೆ ಬಂದದ್ದು ನನ್ನ ಮೇಜಿಗೆ ಬರುತ್ತದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ದೊಡ್ಡ ಸಾಹುಕಾರರು. ಆಗ ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬಿ.ಕಾಂ. ಅಂಕಪಟ್ಟಿ ಹಿಡಿದುಕೊಂಡು ನಿಂತಿದ್ದೆ. ಅವರು ಅಂಕಪಟ್ಟಿಯ ಕಡೆ ಕಣ್ಣು ಕೂಡ ಹಾಯಿಸದೆ, “ಜಗಳ ಆಡ್ತಿ ಏನವಾ?” ಎಂದು ಕೇಳಿದರು. ತಪ್ಪಿದ್ದರೆ ಆಡ್ತೀನ್ರಿ ಎಂದೆ. ನಾಳೆಯಿಂದ ಬಾ ಎಂದರು. ನನ್ನ ಸಂದರ್ಶನ ಅಷ್ಟೇ. ಈಗ ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದಿಲ್ಲ. ಮಗ ನೋಡಿಕೊಳ್ಳುತ್ತಾರೆ. ಸಣ್ಣ ಸಾಹುಕಾರರು ಒಳ್ಳೆಯವರೇ, ಓದಿದವರು, ಯಾರನ್ನೂ ಏಕವಚನದಲ್ಲಿ ಮಾತನಾಡಿಸುವುದಿಲ್ಲ. ಆದರೆ ಒಂದು ಚಟ. ಯಾವುದನ್ನೇ ಆಗಲಿ ಕಾಗದದ ಮೇಲೆ ಅಂಕಿಯಾಗಿ ನೋಡದಿದ್ದರೆ ಅವರಿಗೆ ನಂಬಿಕೆ ಬರುವುದಿಲ್ಲ. ನನ್ನ ಮಾತನ್ನೂ ನಂಬುವುದಿಲ್ಲ, ನನ್ನ ಬಗ್ಗೆ ತಜ್ಞರು ಬರೆದ ಅಂಕಿಯನ್ನು ನಂಬುತ್ತಾರೆ.

ವರದಿ ಬಂದ ದಿನ ನನ್ನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಿ, ಚಹಾ ತರಿಸಿದರು. ಚಹಾ ತರಿಸಿದಾಗಲೇ ಇದು ಒಳ್ಳೆಯ ಸುದ್ದಿಯಲ್ಲ ಎಂದು ಗೊತ್ತಾಯಿತು. ವರದಿಯಲ್ಲಿ ಬಣ್ಣದ ಗೆರೆಗಳಿದ್ದವು. ಶ್ರದ್ಧೆಯ ಗೆರೆ ಉದ್ದ, ಅದು ಸರಿ. ಜನರೊಂದಿಗೆ ಬೆರೆಯುವ ಗೆರೆ ಕಾಗದದ ಅಂಚಿನ ತನಕ. ಸಿಟ್ಟಿನ ಗೆರೆ ಅದಕ್ಕಿಂತ ಒಂದು ಬೆರಳು ಮುಂದೆ. ಹೊಂದಿಕೊಂಡು ಹೋಗುವ ಗುಣಕ್ಕೆ ಮಾತ್ರ ಇರುವೆ ಬಿದ್ದಷ್ಟು ಒಂದು ಗುರುತು. ಕೆಳಗೆ ತಜ್ಞರ ಮಾತು: ಲೆಕ್ಕದ ಕೆಲಸಕ್ಕೆ ಶಾಂತ, ಮಿತಭಾಷಿ, ತಾಳ್ಮೆಯ ಸ್ವಭಾವ ಬೇಕು, ಇವರದು ಅದಕ್ಕೆ ಹೊಂದುವುದಿಲ್ಲ, ಇವರನ್ನು ಗಿರಾಕಿಗಳ ಸಂಪರ್ಕದ ಕೆಲಸಕ್ಕೆ ಬಳಸಿಕೊಳ್ಳಬಹುದು. ಅಂದರೆ ಮುಂದಿನ ತಿಂಗಳಿನಿಂದ ನಾನು ಹಂಪಿಯ ಲಾಡ್ಜಿನ ಮುಂದಿನ ಮೇಜಿನಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ನಗಬೇಕು. ನನ್ನ ಕುರ್ಚಿ ಹುಡುಗನಿಗೆ. ಸಂಬಳ ಅಷ್ಟೇ ಇರುತ್ತದೆ ಎಂದರು. ಗಾಳಿ ಚೆನ್ನಾಗಿರುತ್ತದೆ ಎಂದೂ ಹೇಳಿದರು.

ನನಗೆ ಸಿಟ್ಟು ಬಂತು. ಬರಲಿಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಗೆರೆಯೇ ಹೇಳುತ್ತಿದೆಯಲ್ಲ. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಅವಮಾನ. ಇಷ್ಟು ವರ್ಷ ಆ ಮೂರು ವ್ಯವಹಾರಗಳ ಲೆಕ್ಕವನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದವಳು ನಾನು. ಈಗ ಕಾಗದವೊಂದು ಬಂದು, ಅಮ್ಮಾ ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದರೆ?

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗಿರಣಿಯ ಮ್ಯಾನೇಜರು ನನಗಿಂತ ದುಪ್ಪಟ್ಟು ಕೂಗುತ್ತಾರೆ. ಹಮಾಲರು ಅವರ ದನಿ ಕೇಳಿದರೆ ಚೀಲ ಕೆಳಗೆ ಹಾಕುತ್ತಾರೆ. ಅವರ ವರದಿಯಲ್ಲಿ ಅದಕ್ಕೆ ‘ಮುಂದಾಳತ್ವ’ ಎಂದು ಬರೆದಿದ್ದರು. ಗಂಡಸು ಕೂಗಿದರೆ ಖಡಕ್ಕು, ಹೆಂಗಸು ಕೂಗಿದರೆ ಬಜಾರಿ. ಇದನ್ನು ಕಂಡುಹಿಡಿಯುವುದಕ್ಕೆ ಹೈದರಾಬಾದಿನಿಂದ ಬರಬೇಕಾಗಿರಲಿಲ್ಲ. ನಮ್ಮತ್ತೆಯನ್ನು ಕೇಳಿದ್ದರೆ ಕಂಪ್ಲಿಯಲ್ಲೇ ಹೇಳುತ್ತಿದ್ದರು.

ನಾನು ಬಾಯಿಜೋರು, ಒಪ್ಪಿದೆ. ಆದರೆ ಆ ಬಾಯಿ ಲೆಕ್ಕದಿಂದ ಬೇರೆ ಎಂದು ಯಾರು ಹೇಳಿದರು? ಒಮ್ಮೆ ಲಾಡ್ಜಿನಿಂದ ಬಟ್ಟೆ ಒಗೆಸಿದ ಬಿಲ್ಲು ಬಂತು. ಮೇ ತಿಂಗಳ ಬಿಸಿಲು, ಹಂಪಿಯ ಬಂಡೆಗಳು ಕಾದ ಹೆಂಚಾಗಿರುತ್ತವೆ, ಒಂದು ನರಪಿಳ್ಳೆಯೂ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕೋಣೆ ಖಾಲಿ. ಆದರೆ ಒಗೆದ ಬೆಡ್‌ಶೀಟುಗಳು ಮಾತ್ರ ಸೀಸನ್ನಿನಷ್ಟೇ. ಶಾಂತ ಸ್ವಭಾವದವರು ಏನು ಮಾಡುತ್ತಾರೆ? ಧೂಳು ಜಾಸ್ತಿ ಇದ್ದೀತು, ಇರಲಿ, ಎಂದು ಬಿಲ್ಲು ಪಾಸು ಮಾಡುತ್ತಾರೆ. ನನ್ನಿಂದ ಅದು ಆಗಲಿಲ್ಲ. ಬಸ್ಸು ಹತ್ತಿ ಹೋದೆ. ಹಂಪಿ ಬಜಾರಿನ ಹತ್ತಿರ ಇಳಿದು, ಬಿಸಿಲಿನಲ್ಲಿ ನಡೆದು, ಲಾಡ್ಜಿನ ಅಂಗಳದಲ್ಲಿ ನಿಂತು, ಖಾಲಿ ಕೋಣೆಯಲ್ಲಿ ಯಾವ ದೇವರು ಮಲಗಿದ್ದನ್ರೀ ಎಂದು ಕೇಳಿದೆ. ಅಡುಗೆಮನೆಯವರೆಲ್ಲ ಹೊರಗೆ ಬಂದರು. ಕೊನೆಗೆ ತಿಳಿಯಿತು, ಮೇಲ್ವಿಚಾರಕರ ಸೋದರಳಿಯನ ಮದುವೆಗೆ ಬಂದ ಬೀಗರಿಗೆಲ್ಲ ಲಾಡ್ಜಿನ ಶೀಟುಗಳೇ ಹಾಸಿಗೆಯಾಗಿದ್ದವು. ದೊಡ್ಡ ಸಾಹುಕಾರರು ಕೇಳಿ ನಕ್ಕು, ಮದುವೆಗೆ ನನ್ನನ್ನ ಕರೀಲಿಲ್ಲಲ್ಲ ಎಂದರು. ಆಮೇಲೆ ಯಾವ ಬಿಸಿಲಿಗೂ ಶೀಟು ಹೆಚ್ಚು ಕೊಳೆಯಾಗಲಿಲ್ಲ.

ಲೆಕ್ಕ ತಾಳೆಯಾಗದಿದ್ದರೆ ನನಗೆ ಕಿವಿ ಬಿಸಿಯಾಗುತ್ತದೆ. ಮೊದಲು ಕಿವಿ, ಆಮೇಲೆ ತಲೆ. ಏನೋ ತಪ್ಪಿದೆ ಎಂದು ನನಗೆ ಗೊತ್ತಾಗುವುದೇ ಹಾಗೆ. ಆ ಬಿಸಿಯನ್ನೇ ತಜ್ಞರು ರೋಗ ಎಂದು ಬರೆದರು.

ಹುಡುಗನ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಕಂಪ್ಲಿ ಹತ್ತಿರದ ಎಮ್ಮಿಗನೂರಿನ ರೈತರ ಮನೆಯವನು, ಬೆಳೆದದ್ದೆಲ್ಲ ತಾಯಿಯ ತವರಿನಲ್ಲಿ, ಹೊಳೆಯ ಆಚೆ ಕೊಪ್ಪಳದ ಕಡೆ. ಬ್ಯಾಂಕಿನ ಸ್ಟೇಟ್‌ಮೆಂಟು ಮತ್ತು ನಮ್ಮ ಪುಸ್ತಕ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕುತ್ತಾ ಬೆಳಿಗ್ಗೆಯಿಂದ ಸಂಜೆಯ ತನಕ ಅಲ್ಲಾಡದೆ ಕೂರುತ್ತಾನೆ. ನಾನು ಆ ಕೆಲಸಕ್ಕೆ ಕೂತರೆ ಅರ್ಧ ಗಂಟೆಯಲ್ಲಿ ಪೆನ್ನು ಬಿಸಾಡಿ ಎದ್ದು ಓಡಾಡುತ್ತೇನೆ. ಅವನಿಲ್ಲದ ದಿನ ನಮ್ಮ ಬ್ಯಾಂಕಿನ ಲೆಕ್ಕ ಒಂದು ಸಾಲೂ ಮುಂದೆ ಹೋಗುವುದಿಲ್ಲ. ನನ್ನ ಕುರ್ಚಿ ಅವನಿಗೆ ಎಂದಾಗ ಅವನೇ ಹೆದರಿ, ನಾನೇನು ಕೇಳಿಲ್ಲಕ್ಕಾ ಎಂದು ಮೂರು ಸಲ ಹೇಳಿದ. ಗೊತ್ತು ಕೂತ್ಕೋ ಎಂದೆ.

ಆ ತಿಂಗಳು ಎಲ್ಲ ಕೆಲಸ ಅವನಿಗೆ ಒಪ್ಪಿಸಬೇಕಿತ್ತು. ಅದರಲ್ಲಿ ಸಂಡೂರಿನ ಫೋನೂ ಒಂದು. ಅಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಹತ್ತಿರ ನಮ್ಮವರೊಬ್ಬರಿದ್ದಾರೆ, ರಾಯದುರ್ಗದ ಕಡೆಯವರು, ಮನೆಮಾತು ತೆಲುಗು. ಗುಡ್ಡದ ಬುಡದಲ್ಲಿ ನೆಟ್ ನಿಲ್ಲುವುದಿಲ್ಲ, ವಾಟ್ಸಾಪಿನಲ್ಲಿ ಹಾಕಿದ್ದು ಸಂಜೆಗೆ ಬಂದು ಮುಟ್ಟುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಅವರು ಫೋನ್ ಮಾಡಿ, ಇವತ್ತು ಎಷ್ಟು ಗಾಡಿ ಲೋಡಾದವು ಎಂದು ಹೇಳುತ್ತಾರೆ. ನಾವು ಅಷ್ಟೇ ಗಾಡಿಗೆ ಡೀಸೆಲ್ ಹಾಕಿ ಎಂದು ದಾರಿಯ ಪೆಟ್ರೋಲ್ ಬಂಕಿಗೆ ತಿಳಿಸುತ್ತೇವೆ. ಬಂಕಿನವರು ನಾವು ಹೇಳಿದ್ದಕ್ಕಿಂತ ಒಂದು ಗಾಡಿಗೂ ಹೆಚ್ಚು ಹಾಕುವುದಿಲ್ಲ.

ಈಗ ಕೇಳಿ. ಎರಡು ಎನ್ನುವುದಕ್ಕೆ ಹೊಸಪೇಟೆಯಲ್ಲಿ ಎಲ್ಡು ಎನ್ನುವವರಿದ್ದಾರೆ. ಹೊಳೆ ದಾಟಿದರೆ ಅದು ಯಾಡು. ನಮ್ಮ ಹುಡುಗನ ಬಾಯಲ್ಲಿ, ಕಿವಿಯಲ್ಲಿ, ತಾಯಿಯ ಹಾಲಿನಲ್ಲಿ ಅದು ಯಾಡು. ತೆಲುಗಿನವರು ಏಳಕ್ಕೆ ಏಡು ಎನ್ನುತ್ತಾರೆ, ಅವಸರದಲ್ಲಿ ಹೇಳಿದರೆ ಅದು ಯೇಡು. ಲಾರಿಗಳ ಗದ್ದಲದ ನಡುವೆ ಆ ಕಡೆಯಿಂದ ಒಬ್ಬರು ‘ಯೇಡು ಗಾಡಿ’ ಎಂದರೆ, ಈ ಕಡೆ ಕೇಳಿದವನಿಗೆ ಅದು ಯಾವುದು? ಇಷ್ಟು ವರ್ಷ ನಾನು ಒಮ್ಮೆಯೂ ಅವರನ್ನು ಅಷ್ಟಕ್ಕೆ ಬಿಟ್ಟವಳಲ್ಲ. ಯಾಡೋ ಯೇಡೋ ಬಿಡಿಸಿ ಹೇಳಿ ಎಂದು ಕೂಗುತ್ತಿದ್ದೆ. ಅವರೂ ಬೇಸತ್ತು, ಸೋಮವಾರದಿಂದ ಭಾನುವಾರದ ತನಕ ಅಮ್ಮಾ, ವಾರದಷ್ಟು, ಎಂದು ಕೂಗುತ್ತಿದ್ದರು. ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ತಜ್ಞರು ಆಫೀಸಿಗೆ ಬಂದಿದ್ದ ದಿನ ಇದೇ ಕೂಗಾಟ ಅವರ ಕಿವಿಗೂ ಬಿದ್ದಿತ್ತು ಎಂದು ಆಮೇಲೆ ತಿಳಿಯಿತು.

ಆ ತಿಂಗಳಲ್ಲೇ ಒಂದು ದಿನ ನಾನು ಕಂಪ್ಲಿ ಗಿರಣಿಗೆ ಹೋಗಿದ್ದೆ. ಏಳು ಗಾಡಿ ಲೋಡಾಗಿದ್ದವು. ಹುಡುಗ ಎರಡಕ್ಕೆ ಡೀಸೆಲ್ ಬರೆದ. ಮೊದಲು ಬಂದ ಎರಡು ಗಾಡಿಗಳು ಡೀಸೆಲ್ ಹಾಕಿಸಿಕೊಂಡು ಹೋದವು. ಉಳಿದ ಐದು ಲಾರಿ ಬಂಕಿನಲ್ಲಿ ಸಾಲಾಗಿ ನಿಂತವು. ಬಂಕಿನವರು ಹಾಕುವುದಿಲ್ಲ ಎಂದರು, ಡ್ರೈವರುಗಳು ನಾವೇನು ಕಳ್ಳರೇ ಎಂದರು. ಮಧ್ಯಾಹ್ನದ ಬಿಸಿಲು, ಕೆಂಪು ಧೂಳು, ಹಿಂದೆ ಬಸ್ಸುಗಳು ಸಿಕ್ಕಿಕೊಂಡು ಹಾರ್ನು. ಡ್ರೈವರುಗಳು ಆಫೀಸಿಗೆ ಫೋನ್ ಮಾಡಿದರು. ಅವರು ಬೈಯುವುದನ್ನು ಕೇಳಿ ಹುಡುಗ ರಿಸೀವರ್ ಮೇಜಿನ ಮೇಲೆ ಇಟ್ಟುಬಿಟ್ಟ. ಕೊನೆಗೆ ಯಾರೋ ಸಣ್ಣ ಸಾಹುಕಾರರಿಗೇ ಫೋನ್ ಮಾಡಿ ಎಲ್ಲ ಸರಿಯಾಗುವ ಹೊತ್ತಿಗೆ ಅದಿರು ಇಳಿಸಬೇಕಾದ ಫ್ಯಾಕ್ಟರಿಯ ಗೇಟು ಮುಚ್ಚಿತ್ತು. ಗಾಡಿಗಳು ಮಾರನೆಯ ದಿನದ ತನಕ ರಸ್ತೆಯ ಬದಿಯಲ್ಲಿ ಕಾದವು.

ಬೆಳಿಗ್ಗೆ ನಾನು ಬಂದಾಗ ಹುಡುಗನ ಮುಖದಲ್ಲಿ ರಕ್ತ ಇರಲಿಲ್ಲ. ಬೈಯಬೇಕೆಂದೇ ಹತ್ತಿರ ಹೋದೆ. ಅವನು ತಾನಾಗಿಯೇ ಹೇಳಿದ.

“ಡೌಟ್ ಬಂದಿತ್ತಕ್ಕಾ. ಅವ್ರು ಭಾಳ ಅವಸರದಾಗಿದ್ರು. ಮತ್ತೊಮ್ಮೆ ಕೇಳಿದ್ರ ಏನಂತಾರೋ ಅಂತ ಸುಮ್ಮನಾದ್ನಿ.”

ಬೈಯುವುದನ್ನು ಬಿಟ್ಟು ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. ಅವನಿಗೆ ಕೇಳಿಸಿತ್ತು, ಅನುಮಾನವೂ ಬಂದಿತ್ತು, ಕೇಳುವುದಕ್ಕೆ ಬಾಯಿ ಬರಲಿಲ್ಲ. ಅವನ ವರದಿಯಲ್ಲಿ ಅದೇ ಗುಣಕ್ಕೆ ಉದ್ದನೆಯ ಹಸಿರು ಗೆರೆ ಎಳೆದಿದ್ದರು. ಮರ್ಯಾದಸ್ಥರ ಮನೆಗಳಲ್ಲಿ ಹೀಗೆಯೇ ಮಕ್ಕಳನ್ನು ಬೆಳೆಸುತ್ತಾರೆ, ದೊಡ್ಡವರನ್ನು ಎರಡನೆಯ ಸಲ ಕೇಳಬಾರದು ಎಂದು. ಲೆಕ್ಕದ ಕೆಲಸದಲ್ಲಿ ಎರಡನೆಯ ಸಲ ಕೇಳದವನು ಸಂಕೋಚದ ಬೆಲೆಯನ್ನು ಇನ್ನೊಬ್ಬರಿಂದ ತೆರಿಸುತ್ತಾನೆ. ಆ ದಿನ ತೆತ್ತವರು ಊಟವಿಲ್ಲದೆ ನಿಂತ ಐದು ಜನ ಡ್ರೈವರುಗಳು.

ಸಣ್ಣ ಸಾಹುಕಾರರು ಮತ್ತೆ ಕರೆದರು, ಮತ್ತೆ ಚಹಾ. ಈ ಸಲ ಅವರ ಮುಂದೆ ಅದೇ ಪ್ರಶ್ನೆಗಳ ಹೊಸ ಕಾಗದವಿತ್ತು. ನಾನು ಲೆಕ್ಕದಲ್ಲೇ ಇರಬೇಕು ಎಂದು ಈಗ ಅವರಿಗೂ ಅನಿಸಿದೆಯಂತೆ. ಆದರೆ ವರದಿಗೆ ವಿರುದ್ಧ ಹೋದರೆ, ದುಡ್ಡು ಕೊಟ್ಟು ತಜ್ಞರನ್ನು ಯಾಕೆ ಕರೆಸಿದೆ ಎಂದು ಅಪ್ಪ ಕೇಳುತ್ತಾರೆ. ಅದಕ್ಕೆ ನಾನು ಇನ್ನೊಮ್ಮೆ ಬರೆದುಕೊಡಬೇಕು, ಈ ಸಲ ಸ್ವಲ್ಪ ಮೆತ್ತಗೆ. ಸಿಟ್ಟಿನ ಪ್ರಶ್ನೆಗಳಿಗೆ ನಡುವಿನ ಚೌಕದಲ್ಲಿ ಟಿಕ್ ಹಾಕಿದರೆ ಸಾಕು. ಹುಡುಗನನ್ನು ನನ್ನ ಬದಲು ಲಾಡ್ಜಿಗೆ ಕಳಿಸಿದರಾಯಿತು ಎಂದರು.

ಹುಡುಗನನ್ನು, ಲಾಡ್ಜಿನ ಮುಂದಿನ ಮೇಜಿಗೆ. ಎದುರಿಗೆ ಹೊಸ ಮುಖ ಬಂದರೆ ಬೆವರುವವನನ್ನು. ನಾನು ಚಹಾ ಕೆಳಗಿಟ್ಟೆ.

“ಅವನ್ನ ಕಳಿಸಬ್ಯಾಡ್ರಿ. ಅವಗ ತಾಳ್ಮಿ ಐತಿ, ನನಗ ಬಾಯಿ ಐತಿ. ಎಲ್ಡೂ ಒಂದ ಮೈಯಾಗ ಬೇಕಂದ್ರ ಎಲ್ಲಿಂದ ತರ್ತೀರಿ?”

ಅವರು ಕಾಗದವನ್ನು ನನ್ನ ಕಡೆ ಸರಿಸಿ, ಮನೆಯಲ್ಲಿ ನಿಧಾನವಾಗಿ ಯೋಚಿಸಿ ಬರೆಯಿರಿ ಎಂದರು.

ನಮ್ಮ ಮನೆ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ನನ್ನ ಗಂಡನಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ಸಂತನಂಥ ಮನುಷ್ಯ, ನನ್ನ ಜೊತೆ ಬಾಳಿದ್ದೇ ಅದಕ್ಕೆ ಸಾಕ್ಷಿ. ಆ ಸಂಜೆ ಅವರು ಅವರೆಕಾಯಿ ಸುಲಿಯುತ್ತಾ ನನ್ನ ಮಾತನ್ನೆಲ್ಲ ಕೇಳಿದರು. ಬರೆದುಕೊಡು, ಏನು ಹೋಗುತ್ತದೆ, ಟಿಕ್ ತಾನೇ ಎಂದರು. ಮಗಳ ಓದು ಇನ್ನೂ ಮುಗಿದಿಲ್ಲ ಎಂದು ನೆನಪಿಸಿದರು. ಹಟ ಹಿಡಿದು ಕೆಲಸ ಕಳೆದುಕೊಂಡರೆ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನಗೆ ಭಯವಾಯಿತು. ಇದನ್ನೂ ಹೇಳಿಬಿಡುತ್ತೇನೆ, ಬಾಯಿಜೋರಿನವರಿಗೆ ಭಯವಾಗುವುದಿಲ್ಲ ಎಂದು ಜನ ತಿಳಿದಿದ್ದಾರೆ.

ಪೆನ್ನು ಹಿಡಿದು ಕೂತೆ. ‘ನನಗೆ ಬೇಗ ಸಿಟ್ಟು ಬರುತ್ತದೆ’ ಎಂಬ ಸಾಲಿನ ಮುಂದೆ ನಡುವಿನ ಚೌಕಕ್ಕೆ ಪೆನ್ನಿನ ತುದಿ ಹೋಯಿತು. ಒಂದು ಸಣ್ಣ ಗೆರೆ, ಅಷ್ಟೇ. ಅಷ್ಟರಲ್ಲಿ ಕಿವಿ ಬಿಸಿಯಾಯಿತು. ಎಷ್ಟು ಜನ ನನ್ನ ಮೇಜಿನ ಮುಂದೆ ನಿಂತು ಇದನ್ನೇ ಕೇಳಿದ್ದಾರೆ! ತಾರೀಖು ಒಂದು ದಿನ ಹಿಂದೆ ಹಾಕಿ ಅಕ್ಕಾರ, ಏನು ಹೋಗುತ್ತದೆ. ಈ ತೂಕ ಸ್ವಲ್ಪ ಮೇಲೆ ಕೆಳಗೆ ಬರೆಯಿರಿ, ಏನು ಹೋಗುತ್ತದೆ. ಅವರಿಗೆಲ್ಲ ಆಗುವುದಿಲ್ಲ ಎಂದವಳು ನಾನು. ಈಗ ತಿದ್ದಬೇಕಾದದ್ದು ತೂಕವಲ್ಲ, ತಾರೀಖಲ್ಲ, ನಾನು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ಒದೆಯಲಿ. ಮೊದಲಿನ ಸಲ ಎಲ್ಲಿ ಟಿಕ್ ಹಾಕಿದ್ದೆನೋ ಅಲ್ಲೇ ಹಾಕಿದೆ, ಈ ಸಲ ಸ್ವಲ್ಪ ಒತ್ತಿ. ಅವರೆಕಾಯಿಯ ಬುಟ್ಟಿಯ ಮೇಲಿಂದ ಬಗ್ಗಿ ನೋಡಿದ ನನ್ನ ಗಂಡ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು. ಅವರ ದನಿಯಲ್ಲಿ ಬೇಸರಕ್ಕಿಂತ ಬೇರೆ ಏನೋ ಇತ್ತು.

ಮರುದಿನ ಕಾಗದವನ್ನು ಸಣ್ಣ ಸಾಹುಕಾರರ ಮುಂದಿಟ್ಟೆ. ಅವರು ಓದಿದರು. ಓದುತ್ತಾ ಹುಬ್ಬು ಮೇಲೆ ಹೋಯಿತು.

“ಹಿಂಗ ಬರದ್ರ ರಿಪೋರ್ಟು ಮತ್ತ ಅದs ಬರ್ತದಲ್ರೀ ಅಕ್ಕಾರ.”

“ಬರ್ಲಿ. ಅದರಾಗ ಇರಾಕಿ ನಾನs. ಇಟ್ಗೊಂತೀರೋ ಕಳಸ್ತೀರೋ, ನೀವು ಸಹಿ ಮಾಡ್ರಿ. ಸುಳ್ಳು ಎಂಟ್ರಿಗೆ ನನ್ನ ಸಹಿ ಬ್ಯಾಡ.”

ಅವರು ಲಾಡ್ಜಿಗೆ ನನ್ನ ವರ್ಗಾವಣೆಯ ಆದೇಶವನ್ನು ಎತ್ತಿಕೊಂಡು, ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು. ಕೊನೆಗೆ ಸಹಿ ಹಾಕಲೂ ಇಲ್ಲ, ಹರಿಯಲೂ ಇಲ್ಲ. ಎರಡು ಕಾಗದವನ್ನೂ ಒಟ್ಟಿಗೆ ಡ್ರಾಯರಿನಲ್ಲಿ ಹಾಕಿ, ಸಂಡೂರಿಂದ ಫೋನ್ ಬಂತೇನು ನೋಡಿ ಎಂದರು.

ಈ ವರ್ಷ ಸಂಬಳ ಏರಿದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ತಜ್ಞರ ವರದಿಯಲ್ಲಿ ಅಂಕ ಕಡಿಮೆ ಇದ್ದವರಿಗೆ ಏರಿಸುವ ಹಾಗಿಲ್ಲವಂತೆ. ಪಟ್ಟಿಯನ್ನು ಟೈಪ್ ಮಾಡಿದವಳು ನಾನೇ, ಒಂದು ಅಕ್ಷರ ತಪ್ಪದ ಹಾಗೆ. ಹುಡುಗನ ಹೆಸರಿತ್ತು, ಸಂತೋಷವಾಯಿತು, ಅವನಿಂದ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದೆ. ತಜ್ಞರ ಪ್ರಕಾರ ನಾನು ಈ ಕುರ್ಚಿಯಲ್ಲಿ ಇರಬಾರದು. ಇದ್ದೇನೆ.